ಎರಡು ಬೆರಳು ಕುಗ್ಗಿದ ಮನೆ

ಮೊದಲು ನಗುವುದನ್ನು ನಿಲ್ಲಿಸಿ. ಅಜ್ಜನಿಗೆ ಮರೆವು ಹತ್ತಿದೆ, ಹೋದ ವಾರ ಸೊಸೆಯ ತಂಗಿಯನ್ನೇ ಸೊಸೆ ಎಂದುಕೊಂಡು ಅರ್ಧ ಗಂಟೆ ಬೈದ ಎಂದು ನೀವೆಲ್ಲ ಆಡಿಕೊಂಡದ್ದು ನನ್ನ ಕಿವಿಗೆ ಬಿದ್ದಿದೆ. ಬೈದದ್ದು ನಿಜ. ಆದರೆ ಬೈಯಬೇಕಾದ ಮಾತುಗಳಲ್ಲಿ ಒಂದನ್ನಾದರೂ ಮರೆತೆನೇ? ಆ ಹುಡುಗಿಯನ್ನೇ ಕೇಳಿ. ನಲವತ್ತೆರಡು ವರ್ಷ ಬಟ್ಟೆ ಹೊಲಿದವನು ನಾನು. ನಮ್ಮ ಬೀದಿಯ ಯಾವ ಗಂಡಸನ್ನಾದರೂ ತೋರಿಸಿ, ಹೆಸರು ಹೇಳಲಾರೆ, ಸೊಂಟದ ಸುತ್ತಳತೆ ಹೇಳುತ್ತೇನೆ. ಮದುವೆಗೆ ಮುಂಚಿನದು ಒಂದು, ಆಮೇಲಿನದು ಇನ್ನೊಂದು.

ಇಷ್ಟು ವರ್ಷದಲ್ಲಿ ನನ್ನ ನೆನಪು ಕೈಕೊಟ್ಟದ್ದು ಒಂದೇ ಸಲ. ಅದೂ ನಾಲ್ಕೇ ದಿನ. ಆ ನಾಲ್ಕು ದಿನದಲ್ಲಿ ಒಂದು ಸಂಸಾರಕ್ಕೆ ಏನು ಗತಿ ಬಂತು ಎಂದು ಹೇಳುತ್ತೇನೆ, ಕೇಳಿ. ಈ ಫೋನಿನ ಗುಂಡಿ ಒತ್ತಿ ಹಿಡಿದು ಮಾತಾಡಿ ಮಾತಾಡಿ ಹೆಬ್ಬೆರಳು ಸೋಲುತ್ತದೆ, ಆದ್ದರಿಂದ ತುಂಡು ತುಂಡಾಗಿ ಕಳಿಸುತ್ತೇನೆ. ನಡುವೆ ಯಾರೂ ಹೆಬ್ಬೆರಳಿನ ಚಿತ್ರ ಹಾಕಬೇಡಿ. ನನಗೆ ಇರುವ ಹೆಬ್ಬೆರಳೇ ಸಾಕಾಗಿದೆ.

ನಮ್ಮ ಗೋಡೆಗೆ ಅಂಟಿದ ಮನೆ ಒಬ್ಬ ಬಡಗಿಯದು. ಬೀದಿಯವರೆಲ್ಲ ಅವನನ್ನು ಗಜಕಡ್ಡಿ ಎಂದೇ ಕರೆಯುತ್ತಿದ್ದರು. ಆಳೂ ಹಾಗೇ ಇದ್ದ. ಉದ್ದ, ಸಪೂರ, ಬಗ್ಗಿದರೆ ಎಲ್ಲೋ ಲಟಕ್ಕೆನ್ನುವಂಥವನು. ಜೇಬಿನಲ್ಲಿ ಮಡಚುವ ಅಳತೆಕೋಲು ಇಲ್ಲದೆ ಅವನನ್ನು ಕಂಡವರಿಲ್ಲ. ಚಹಾ ಅಂಗಡಿಯ ಬೆಂಚಿಗೆ ಕೂರುವ ಮುಂಚೆ ಒಂದು ಕಣ್ಣು ಮುಚ್ಚಿ ಅದು ಮಟ್ಟವಾಗಿದೆಯೇ ಎಂದು ನೋಡುತ್ತಿದ್ದ. ವಾಲಿದ್ದರೆ ನಿಂತೇ ಕುಡಿಯುತ್ತಿದ್ದ. "ನನ್ನ ನಾಲಿಗೆ ತಪ್ಪಬಹುದು, ನನ್ನ ಗೆರೆ ತಪ್ಪಲ್ಲ" ಎನ್ನುವುದು ಅವನ ಮಾತು. ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ, ಭಾನುವಾರ ಆರು ಸಲ.

ಹೆಂಡತಿಗೆ ಪಕ್ಕದ ಬೀದಿಯ ಲಾಂಡ್ರಿಯಲ್ಲಿ ಕೆಲಸ. ಬಿಸಿನೀರು, ಸೋಪು, ಇಸ್ತ್ರಿ, ಈ ಮೂರರಲ್ಲಿ ಅವಳ ಮಾತಿಗೆ ಎದುರಿಲ್ಲ. ಅಂಗಿಯ ಮೇಲಿನ ಕಲೆ ನೋಡಿ ಆ ಮನುಷ್ಯ ನಿನ್ನೆ ಎಲ್ಲಿ ಊಟ ಮಾಡಿದ, ಹೆಂಡತಿಗೆ ಎಲ್ಲಿ ಮಾಡಿದೆನೆಂದು ಹೇಳಿದ, ಎರಡನ್ನೂ ಹೇಳಬಲ್ಲವಳು. ಅವನು ಅಳೆಯುವವನು, ಅವಳು ತೊಳೆಯುವವಳು. ನಡುವೆ ಮೂರು ಮಕ್ಕಳು: ಹತ್ತು ವರ್ಷದ ಹಿರಿಮಗಳು, ಏಳು ವರ್ಷದ ಮಗ, ನಾಲ್ಕು ವರ್ಷದ ಕಿರಿಯವಳು. ಗಂಡಹೆಂಡಿರ ಬೆಳಗಿನ ಜಗಳವೇ ನನಗೆ ಗಡಿಯಾರ. "ಸಾಕ್ಸು ಒಂದೇ ಸಿಕ್ಕಿದೆ" ಎಂದರೆ ಏಳೂವರೆ. "ನಿಮ್ಮ ವಂಶದಲ್ಲಿ ಯಾರಾದ್ರೂ ಲೋಟದ ಹಾಲು ಪೂರ್ತಿ ಕುಡಿದಿದ್ದಾರಾ" ಎಂದರೆ ಏಳೂ ಮುಕ್ಕಾಲು.

ಆ ಮನೆಯ ಮುಂಬಾಗಿಲನ್ನು ಗಜಕಡ್ಡಿ ತನ್ನ ಕೈಯಾರೆ ಮಾಡಿದ್ದ. ದಪ್ಪ ಹಲಗೆ, ಕೆಳಗಿನ ಅಂಚಿನುದ್ದಕ್ಕೂ ಎಲೆ ಬಳ್ಳಿಯ ಕೆತ್ತನೆ. ಕೆತ್ತನೆಗೇ ಮೂರು ತಿಂಗಳು ಹಿಡಿದಿತ್ತು. ಚೌಕಟ್ಟು ಮನೆ ಕಟ್ಟಿದವನದು, ಬಾಗಿಲು ಮಾತ್ರ ನನ್ನದು ಎಂದು ಹೇಳಿಕೊಳ್ಳುತ್ತಿದ್ದ. ಅದಕ್ಕೇ ಮಕ್ಕಳ ಎತ್ತರದ ಗುರುತನ್ನು ಎಲ್ಲರ ಹಾಗೆ ಗೋಡೆಗೋ ಚೌಕಟ್ಟಿಗೋ ಹಾಕದೆ ಬಾಗಿಲ ಒಳಮೈಗೆ ಹಾಕುತ್ತಿದ್ದ. ಪ್ರತಿ ತಿಂಗಳ ಒಂದನೇ ತಾರೀಕು ಬಾಗಿಲು ಮುಚ್ಚಿ, ಮಗುವನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ಉಳಿಯ ತುದಿಯಲ್ಲಿ ಸಣ್ಣ ಗೆರೆ. ಬಾಗಿಲು ಮಾಡಿದ ದಿನ ಗಂಡಹೆಂಡಿರೂ ನಿಂತು ತಮ್ಮ ಗೆರೆ ಹಾಕಿಸಿಕೊಂಡಿದ್ದರು. ಅವು ಎಲ್ಲಕ್ಕಿಂತ ಮೇಲೆ.

ಇನ್ನು ಹಿರಿಮಗಳ ವಿಷಯ. ಅವಳಿಗೆ ಶಾಲೆಯ ಬ್ಯಾಂಡಿನ ದೊಡ್ಡ ಡ್ರಮ್ಮು ಬೇಕಿತ್ತು. ಎರಡು ವರ್ಷದಿಂದ ಅದೊಂದೇ ಜಪ. ಬಕೆಟ್ಟು, ನನ್ನ ಹೊಲಿಗೆ ಮೇಜು, ತಮ್ಮನ ಬೆನ್ನು, ಏನು ಸಿಕ್ಕರೂ ಬಾರಿಸುತ್ತಿದ್ದಳು. ಆದರೆ ಬ್ಯಾಂಡ್ ಮೇಷ್ಟ್ರದ್ದು ಒಂದು ನಿಯಮವಿತ್ತು, ದೊಡ್ಡ ಡ್ರಮ್ಮಿಗೆ ನಾಲ್ಕೂವರೆ ಅಡಿ ಎತ್ತರ ಬೇಕು. ಹಿಂದಿನ ವರ್ಷ ಗಿಡ್ಡ ಹುಡುಗನೊಬ್ಬ ಡ್ರಮ್ಮಿನ ಹಿಂದೆ ದಾರಿ ಕಾಣದೆ ಮುಖ್ಯೋಪಾಧ್ಯಾಯಿನಿಯನ್ನು ಹೂಕುಂಡದೊಳಕ್ಕೆ ಕೂರಿಸಿದ್ದ. ಶಾಲೆಯಲ್ಲೇ ಅಳೆಯೋಣವೆಂದರೆ ಮಕ್ಕಳೆಲ್ಲ ತುದಿಗಾಲಲ್ಲಿ ನಿಲ್ಲುತ್ತಾರೆ. ಹಾಗಾಗಿ ತಂದೆತಾಯಿ ಇಬ್ಬರೂ ಅಳೆದು ಸಹಿ ಹಾಕಿದ ಚೀಟಿ ತರಬೇಕಿತ್ತು. ಗಜಕಡ್ಡಿ ನಾಲ್ಕೂವರೆ ಅಡಿಗೆ ಬಾಗಿಲ ಮೇಲೆ ಗೆರೆ ಎಳೆದಿದ್ದ, ಮಗಳು ಅದರ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಪುಟ್ಟ ಡ್ರಮ್ಮು ಬರೆದಿದ್ದಳು. ಒಂದು ತಿಂಗಳ ಒಂದನೇ ತಾರೀಕಿಗೆ ಅವಳ ತಲೆ ಆ ಗೆರೆಯನ್ನು ಮುಟ್ಟಿತು. ಮುಂದಿನ ತಿಂಗಳ ಒಂದಕ್ಕೆ ಚೀಟಿ, ಅದೇ ವಾರದ ಬುಧವಾರ ಆಯ್ಕೆ. ಎಲ್ಲ ಸರಿಯಾಗಿತ್ತು.

ಹೆಬ್ಬೆರಳು.

ಎರಡನೇ ತುಂಡು. ಇದನ್ನು ಗಮನವಿಟ್ಟು ಕೇಳಿ.

ಕಿರಿಯವಳು ಆ ಮನೆಯ ನುಣುಪು ನೆಲದಲ್ಲಿ ಓಡಿ ಓಡಿ ಜಾರಿ ಬೀಳುತ್ತಿದ್ದಳು. ಪಾಪ ಎನಿಸಿ ನಾನೊಂದು ಕಾಲೊರಸು ಹೊಲಿದುಕೊಟ್ಟೆ. ಉಳಿದ ತುಂಡು ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಏಳು ಪದರ, ಅಡ್ಡಡ್ಡ ಹೊಲಿಗೆ. ಅದರ ಮೇಲೆ ನಿಂತರೆ ಹಾಸಿಗೆಯ ಮೇಲೆ ನಿಂತ ಹಾಗೆ. ಬಾಗಿಲ ಒಳಗೆ ಹಾಸಿದರು. ಬಾಗಿಲು ತೆರೆಯಲೇ ಇಲ್ಲ, ಅದಕ್ಕೆ ಸಿಕ್ಕಿಕೊಂಡು ನಿಂತಿತು.

"ಬಾಗಿಲ ಕೆಳಗೆ ಎರಡು ಬೆರಳು ಕೊಯ್ದುಬಿಡು" ಎಂದೆ.

ಗಜಕಡ್ಡಿ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಮಗುವಿನ ಪಾದ ಕೊಯ್ಯಲು ಹೇಳಿದೆನೋ ಎಂಬಂತೆ. "ಬಳ್ಳಿ ಕೊಯ್ಯೋದಾ? ಮೇಲ್ಗಡೆ ಕೊಯ್ತೀನಿ. ಮೇಲ್ಗಡೆ ಯಾರು ನೋಡ್ತಾರೆ. ನೀವು ಹಿಡ್ಕೊಳ್ಳಿ, ಬಾಗಿಲನ್ನೇ ಎರಡು ಬೆರಳು ಮೇಲೆತ್ತಿ ಕೂರಿಸೋಣ."

ಸರಿ, ಬಿಚ್ಚಿದ, ಬಾಗಿಲ ಮೇಲಂಚಿನಲ್ಲಿ ಎರಡು ಬೆರಳು ಕೊಯ್ದ. ನಾನು ಕೆಳಗೆ ಕೂತು ಬೆನ್ನು ಕೊಟ್ಟು ಬಾಗಿಲನ್ನು ಎತ್ತಿ ಹಿಡಿದೆ. ಅವನು ಬಾಗಿಲ ಅಂಚಿನ ಹಳೆಯ ತೂತು ಮುಚ್ಚಿ ಕೀಲುಗಳನ್ನು ಹೊಸ ಜಾಗಕ್ಕೆ ಕೂರಿಸಿದ. ಕೊನೆಯ ತಿರುಪು ಒಳಗೆ ಹೋಗುವುದಕ್ಕೂ ಒಳಮನೆಯಿಂದ ಕಿರುಚಾಟ ಕೇಳುವುದಕ್ಕೂ ಸರಿಹೋಯಿತು. ಮಗ ಕುರ್ಚಿಯ ಬೆನ್ನಿನ ಎರಡು ಪಟ್ಟಿಗಳ ನಡುವೆ ತಲೆ ತೂರಿಸಿಕೊಂಡು ಸಿಕ್ಕಿಬಿದ್ದಿದ್ದ. ಅದೇ ಹೊತ್ತಿಗೆ ಹೆಂಡತಿ ಕೆಲಸ ಮುಗಿಸಿ ಒಳಗೆ ಕಾಲಿಟ್ಟಳು.

"ಏನ್ ನೋಡ್ತಾ ನಿಂತಿದ್ದೀರಿ? ಕುರ್ಚಿ ಕೊಯ್ರಿ."

"ಕಾಲು ಇಂಚಿನ ಗೂಟ ತೂತಿಗೆ ಕೂರಿಸಿದ ಜೋಡಣೆ ಕಣೇ ಅದು. ಮೊಳೆ ಇಲ್ದೆ ಮಾಡಿದ್ದು. ತಲೆ ಒಳಗೆ ಹೋಗಿದೆ ಅಂದ್ಮೇಲೆ ಹೊರಗೂ ಬರಬೇಕು."

"ಹಾಗಾದ್ರೆ ಅವನು ಕುರ್ಚಿ ಸಮೇತ ಸ್ಕೂಲಿಗೆ ಹೋಗ್ಲಿ. ಕೂರೋಕಾದ್ರೂ ಅನುಕೂಲ."

ಕೊನೆಗೆ ಅವಳೇ ಮಗನ ಕಿವಿಗಳಿಗೆ ಸೋಪು ಸವರಿ, ಒಗೆದ ಬಟ್ಟೆ ಹಿಂಡುವ ಹಾಗೆ ಒಂದು ಸುತ್ತು ತಿರುಗಿಸಿ ಹೊರಕ್ಕೆಳೆದಳು. ಆ ಗದ್ದಲದಲ್ಲಿ ಬಾಗಿಲು ಎತ್ತಿದ್ದು ಅವನ ತಲೆಯಿಂದಲೂ ಹೋಯಿತು, ನನ್ನ ತಲೆಯಿಂದಲೂ ಹೋಯಿತು. ಅವನು ವಾರಕ್ಕೆ ಇಪ್ಪತ್ತು ಬಾಗಿಲು ಬಿಚ್ಚಿ ಕೂರಿಸುವವನು, ಯಾವುದೆಂದು ನೆನಪಿಟ್ಟುಕೊಂಡಾನು. ಹೆಂಡತಿಗಂತೂ ಗೊತ್ತೇ ಆಗಲಿಲ್ಲ. ಕಿರಿಯವಳಿಗೆ ಮಾತ್ರ ಹೊಸ ಆಟ ಸಿಕ್ಕಿತು. ಬಾಗಿಲ ಕೆಳಗಿನ ಸಂದಿಯಿಂದ ಅಡುಗೆಮನೆಯ ಚಮಚಗಳನ್ನೆಲ್ಲ ಒಂದೊಂದಾಗಿ ಬೀದಿಗೆ ತಳ್ಳುವುದು.

ಮೂರನೆಯದು. ಒಂದನೇ ತಾರೀಕು, ಭಾನುವಾರ. ಗಜಕಡ್ಡಿ ಕಾಲೊರಸನ್ನು ಸುತ್ತಿ ಪಕ್ಕಕ್ಕಿಟ್ಟ. ಬರಿಗಾಲು, ಬರಿನೆಲ, ಅದು ಅವನ ಶಿಸ್ತು. ಹಿರಿಮಗಳು ಬಾಗಿಲಿಗೆ ಒರಗಿ ನಿಂತಳು.

"ಹಿಮ್ಮಡಿ ಅಂಟಿಸು. ಗಲ್ಲ ಇಳಿಸು. ಉಸಿರು ಬಿಡು."

ತಲೆಯ ಮೇಲೆ ಕೋನ ನೋಡುವ ಮೂಲೆಮಟ್ಟ ಇಟ್ಟ. ನೋಡಿದ. ತೆಗೆದ. ಅದನ್ನು ಅಂಗಿಗೆ ಒರೆಸಿ ಮತ್ತೆ ಇಟ್ಟ. ಆಮೇಲೆ ಅವನ ಧ್ವನಿ ಗೋಡೆ ದಾಟಿ ನನಗೂ ಕೇಳಿಸಿತು.

"ಲೇ, ಇಲ್ಲಿ ಬಾ."

"ಕೈ ಸೋಪಾಗಿದೆ."

"ಸೋಪಿನ ಕೈಯಲ್ಲೇ ಬಾ. ಮಗಳು ಕುಗ್ಗಿದ್ದಾಳೆ."

"ಬೆಳಗ್ಗೆಯಿಂದ ಬೈತಿದ್ರೆ ಕುಗ್ಗದೇ ಇರ್ತಾಳಾ?"

"ಮನಸ್ಸಲ್ಲ ಕಣೇ. ಎತ್ತರ. ಒಂದೂವರೆ ಬೆರಳು."

ಮಗನನ್ನು ನಿಲ್ಲಿಸಿದರು. ಅವನೂ ಒಂದೂವರೆ ಬೆರಳು ಕಡಿಮೆ. ಕಿರಿಯವಳನ್ನು ನಿಲ್ಲಿಸಿದರು. ಅವಳು ಒಂದು ಬೆರಳು ಕಡಿಮೆ. ಹಿರಿಯವಳ ಮುಖ ಪೆಚ್ಚಾಯಿತು, ಮಗ ತಲೆ ಮುಟ್ಟಿ ನೋಡಿಕೊಂಡ, ಕಿರಿಯವಳೊಬ್ಬಳೇ ಕುಣಿದಾಡಿದಳು. "ನಾನು ಪಾಪು ಆಗ್ತೀನಾ? ಆಮೇಲೆ ನನ್ನ ಎತ್ಕೋತೀರಾ?" ನಾಲ್ಕು ತುಂಬಿದಾಗಿನಿಂದ ನೀನು ದೊಡ್ಡವಳು, ನಡೆ ಎಂದು ಅವಳನ್ನು ಯಾರೂ ಎತ್ತಿಕೊಳ್ಳುತ್ತಿರಲಿಲ್ಲ.

ಆಮೇಲೆ ಗಜಕಡ್ಡಿ ಬಹಳ ಮೆತ್ತಗೆ ಕೇಳಿದ. ಮೆತ್ತಗೆ ಎಂದರೆ ನನಗೆ ಕೇಳುವಷ್ಟು.

"ಒಂದು ವಿಷಯ ಕೇಳ್ತೀನಿ, ಕೋಪ ಮಾಡ್ಕೋಬಾರ್ದು. ಮಕ್ಕಳ ಸ್ನಾನದ ನೀರು ಎಷ್ಟು ಬಿಸಿ ಇರುತ್ತೆ?"

"ಯಾಕೆ?"

"ನೀನೇ ಹೇಳಿದ್ದಲ್ವಾ, ಉಣ್ಣೆ ಬಟ್ಟೆ ಬಿಸಿನೀರಿಗೆ ಹಾಕಿದ್ರೆ ಕುಗ್ಗುತ್ತೆ ಅಂತ."

ನಾನು ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆದೆ. ಇಂಥ ಮಾತಿಗೆ ಉತ್ತರ ಬರುವಾಗ ಯಂತ್ರ ಓಡಿಸುವುದು ಅಪಚಾರ.

"ನಾನು ಹೆತ್ತಿದ್ದು ಮಕ್ಕಳನ್ನ" ಎಂದಳು ಅವಳು. "ಸ್ವೆಟರ್ ಅಲ್ಲ."

ಮರುದಿನ ಬೆಳಗ್ಗೆ ಮೂರೂ ಮಕ್ಕಳನ್ನು ನನ್ನ ಅಂಗಡಿಗೆ ಕರೆದುಕೊಂಡು ಬಂದಳು. ಮುಖ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. "ಅಣ್ಣಾ, ಇವನ ಪ್ಯಾಂಟು ಗಿಡ್ಡ ಆಗಿದೆ, ಅಂಚು ಬಿಚ್ಚಿ ಇಳಿಸಿಕೊಡಿ. ಹಾಗೇ ನಿಮ್ಮ ಟೇಪಲ್ಲಿ ಇವಳನ್ನೊಮ್ಮೆ ಅಳೀರಿ."

ಅಳೆದೆ. ನಾಲ್ಕೂವರೆ ಅಡಿ, ಮೇಲೆ ಅರ್ಧ ಬೆರಳು. ಎರಡು ಸಲ ಅಳೆದೆ. ಅವಳು ನನ್ನನ್ನು ಟೇಪು ಸಮೇತ ಎಳೆದುಕೊಂಡು ಹೋಗಿ ಗಂಡನ ಮುಂದೆ ನಿಲ್ಲಿಸಿದಳು.

ಗಜಕಡ್ಡಿ ಟೇಪನ್ನು ಎರಡು ಬೆರಳಲ್ಲಿ ಸತ್ತ ಹಾವಿನ ಬಾಲದಂತೆ ಎತ್ತಿ ಹಿಡಿದ. "ಬಟ್ಟೆ ಟೇಪು. ಎಷ್ಟು ವರ್ಷದ್ದು?"

"ಹದಿನೆಂಟು."

"ಹದಿನೆಂಟು ವರ್ಷದಿಂದ ದಪ್ಪ ಹೊಟ್ಟೆಗಳಿಗೆಲ್ಲ ಸುತ್ತಿ ಸುತ್ತಿ ಹಿಗ್ಗಿದೆ. ನಿಮ್ಮ ಕಥೆಯ ಹಾಗೇ ಇದೂ. ಎಳೆದಷ್ಟು ಉದ್ದ."

"ಆಯ್ತಪ್ಪಾ, ಟೇಪು ಹಿಗ್ತು. ಪ್ಯಾಂಟು ಯಾಕೆ ಗಿಡ್ಡ ಆಯ್ತು? ಹುಡುಗ ಕುಗ್ಗಿದ್ರೆ ಪ್ಯಾಂಟು ಉದ್ದ ಆಗ್ಬೇಕಿತ್ತಲ್ಲ?" ಎಂದೆ ನಾನು. ಜೀವನದಲ್ಲಿ ನಾನು ಕೇಳಿದ ಅತಿ ಬುದ್ಧಿವಂತ ಪ್ರಶ್ನೆ ಅದು.

ಅವನು ಕಣ್ಣು ಮಿಟುಕಿಸಲಿಲ್ಲ. "ಪ್ಯಾಂಟನ್ನೂ ಅದೇ ಬಿಸಿನೀರಲ್ಲಿ ತಾನೆ ಒಗೆಯೋದು? ಹುಡುಗ ಒಂದೂವರೆ ಬೆರಳು ಕುಗ್ಗಿದ್ದಾನೆ, ಪ್ಯಾಂಟು ಎರಡು. ಲೆಕ್ಕ ಸರಿಯಾಗೇ ಇದೆ."

ಅಂದಿನಿಂದ ಆ ಮನೆಯಲ್ಲಿ ಮಕ್ಕಳಿಗೆ ತಣ್ಣೀರು ಸ್ನಾನ. ನೀರು ಹಾಕುವವನು ಅವನೇ. ಬಚ್ಚಲಿನಿಂದ ಬಂದ ಕೂಗಿಗೆ ಬೀದಿಯ ನಾಯಿ ಜಾಗ ಬದಲಾಯಿಸಿತು.

ಹಿರಿಮಗಳು ಚೀಟಿ ಹಿಡಿದು ಅಪ್ಪನ ಮುಂದೆ ನಿಂತಳು. ಅಮ್ಮನ ಸಹಿ ಆಗಲೇ ಇತ್ತು, ಕಾಗದ ಹರಿಯುವಷ್ಟು ಒತ್ತಿ ಬರೆದದ್ದು.

"ಅಪ್ಪಾ, ಒಂದೇ ಸಹಿ."

"ಒಂದೂವರೆ ಬೆರಳಿನ ಸುಳ್ಳಿಗೆ ನನ್ನ ಸಹಿ ಬೀಳಲ್ಲ ಮಗಳೇ. ನೀನು ಬೆಳೆದ ದಿನ ಕೇಳದೇನೇ ಹಾಕ್ತೀನಿ."

ಹುಡುಗಿ ಅಳಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ಆ ಸಂಜೆ ಗೋಡೆಯಾಚೆ ಬಕೆಟ್ಟಿನ ಸದ್ದಿಲ್ಲ. ಎರಡು ವರ್ಷ ಆ ಸದ್ದಿಗೆ ನಾನು ಶಾಪ ಹಾಕಿದ್ದೆ. ಅಂದು ಒಂದು ತೋಳನ್ನು ತಲೆಕೆಳಗಾಗಿ ಹೊಲಿದೆ. ತಾಳವಿಲ್ಲದೆ ಕಾಲು ಓಡಲಿಲ್ಲ.

ನಾಲ್ಕನೇ ತುಂಡು. ಚಹಾ ಕುಡಿದು ಬಂದೆ.

ಸುದ್ದಿ ಬೀದಿಗೆ ಹಬ್ಬಿತು. ಔಷಧಿ ಅಂಗಡಿಯವನು "ಈಗ ಇದು ಎಲ್ಲಾ ಕಡೆ ಇದೆ" ಎಂದ. ಏನು ಕಾಯಿಲೆ ಹೇಳಿದರೂ ಅವನು ಹೇಳುತ್ತಿದ್ದುದು ಅದನ್ನೇ. ಒಂದು ಹಸಿರು ಟಾನಿಕ್ಕನ್ನೂ ಕೊಟ್ಟ. ಮಕ್ಕಳು ಬೆಳೆಯಲಿಲ್ಲ, ನಾಲಿಗೆ ಹಸಿರಾಯಿತು. ಹಸಿರು ನಾಲಿಗೆ ನೋಡಿ ಎದುರುಮನೆಯಾಕೆ ತನ್ನ ಮಕ್ಕಳನ್ನು ಒಳಗೆ ಎಳೆದುಕೊಂಡು ಕಿಟಕಿಯಿಂದ ಕೇಳಿದಳು:

"ಅಂಟುತ್ತಾ?"

"ಮುಟ್ಟಿದ್ರೆ ಇಲ್ಲ. ಕಿಟಕೀಲಿ ಇಣುಕಿದ್ರೆ ಅಂಟುತ್ತೆ" ಎಂದಳು ಬಡಗಿಯ ಹೆಂಡತಿ. ಕಿಟಕಿ ಮುಚ್ಚಿತು.

ಮಂಗಳವಾರ ಮಧ್ಯಾಹ್ನ ಅತ್ತೆ ಬಂದಳು. ಅಂದರೆ ಹೆಂಡತಿಯ ತಾಯಿ. ಕೈಯಲ್ಲಿ ಟ್ರಂಕು ಇತ್ತು, ಟ್ರಂಕು ಖಾಲಿ ಇತ್ತು, ಮಕ್ಕಳ ಬಟ್ಟೆ ತುಂಬಿಕೊಂಡು ಹೋಗಲು ತಂದದ್ದು. ಬಂದವಳೇ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತನ್ನ ಮಗಳಿಗೆ ಹೇಳಿದಳು.

"ಅವತ್ತೇ ಹೇಳಿದ್ದೆ ನಿಂಗೆ. ಹುಡುಗ ಉದ್ದ ಇದ್ದಾನೆ ಅಂತ ಕುಣೀಬೇಡ, ಇದು ನಿಲ್ಲೋ ಉದ್ದ ಅಲ್ಲ ಅಂತ. ಗುರುವಾರ ಮಕ್ಕಳನ್ನ ಕರ್ಕೊಂಡು ಹೋಗ್ತೀನಿ. ನಮ್ಮನೇಲಿ ಯಾರೂ ಕುಗ್ಗಿಲ್ಲ."

"ಅಮ್ಮಾ, ಸ್ವಲ್ಪ ತಡಿ" ಎಂದಳು ಬಡಗಿಯ ಹೆಂಡತಿ. ಅವಳು ಎರಡು ದಿನದಿಂದ ಏನೋ ಯೋಚಿಸುತ್ತಿದ್ದಳು. "ರೀ, ನೀವು ಬನ್ನಿ. ಬಾಗಿಲಿಗೆ ನಿಂತ್ಕೊಳ್ಳಿ."

"ನಾನ್ಯಾಕೆ?"

"ಮಕ್ಕಳನ್ನ ಮೂರು ಸಲ ಅಳೆದ್ರಿ. ನಿಮ್ಮನ್ನ ಒಂದು ಸಲ ಅಳೆಯೋಣ."

ನಿಂತ. ಅವಳು ಕುರ್ಚಿ ಹತ್ತಿ, ಅದೇ ಕುರ್ಚಿ, ಅವನ ತಲೆಯ ಮೇಲೆ ಮೂಲೆಮಟ್ಟ ಇಟ್ಟಳು. ಬಾಗಿಲು ಮಾಡಿದ ದಿನದ ಗೆರೆ ಅವನ ತಲೆಗಿಂತ ಎರಡು ಬೆರಳು ಮೇಲೆ ಇತ್ತು. ಆಮೇಲೆ ತಾನೂ ನಿಂತಳು. ಅವಳದ್ದೂ ಎರಡು ಬೆರಳು.

ಗಜಕಡ್ಡಿ ಹಾಗೇ ಜಾರಿ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟ.

"ಏನ್ರೀ ಇದು?"

"ನಿಂತ್ರೆ ತಲೆ ಭಾರ ಕೆಳಗೆ ಬೀಳುತ್ತೆ. ಮಲಗಿದ್ರೆ ಇದ್ದಷ್ಟಾದ್ರೂ ಉಳಿಯುತ್ತೆ."

"ಅಲ್ರೀ, ಮಕ್ಕಳನ್ನ ನಾನು ಬಿಸಿನೀರಲ್ಲಿ ಕುಗ್ಗಿಸಿದೆ ಸರಿ. ನಿಮ್ಮನ್ನ ಯಾವ ನೀರು ಕುಗ್ಗಿಸ್ತು? ನೀವು ಸ್ನಾನ ಮಾಡೋದೇ ಭಾನುವಾರ."

ಯೋಚಿಸಿ ಯೋಚಿಸಿ, "ಹಾಗಾದ್ರೆ ಇದು ಮನೆಗೇ ಹತ್ತಿದೆ" ಎಂದ. ಬಾಗಿಲು ತಪ್ಪಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಹೇಗೆ ಹೊಳೆದೀತು? ಸೂರ್ಯ ತಪ್ಪು ದಿಕ್ಕಿನಲ್ಲಿ ಹುಟ್ಟಿದರೆ ಅವನು ಮೊದಲು ಸೂರ್ಯನನ್ನೇ ಬೈಯುತ್ತಿದ್ದ. ತಾನೇ ಮಾಡಿದ ಬಾಗಿಲು, ತಾನೇ ಹಾಕಿದ ಗೆರೆ. ಅವನು ನೆಲದ ಮೇಲೆ, ಅತ್ತೆ ಟ್ರಂಕಿನ ಮೇಲೆ, ಮಗ ಕಿಟಕಿಯ ಸರಳಿಗೆ ಜೋತುಬಿದ್ದು ಬೆಳೆಯುತ್ತಿದ್ದಾನೆ. ಸಂಸಾರ ಎಂದರೆ ಹಾಗಿರಬೇಕು.

ಬುಧವಾರ ಬೆಳಗಾಯಿತು. ಹಿರಿಮಗಳು ಸಮವಸ್ತ್ರ ಹಾಕಿಕೊಂಡು ಬಂದು ಮಲಗಿದ್ದ ಅಪ್ಪನ ಪಕ್ಕ ನಿಂತಳು.

"ಅಪ್ಪಾ, ನೀವೇ ಬಂದು ಮೇಷ್ಟ್ರಿಗೆ ಹೇಳಿ. ನಾನು ಹೇಳಲ್ಲ. ಗೆರೆ ಮುಟ್ಟಿದ್ದೀನಿ ಅಂತ ಹೋದ ತಿಂಗಳೇ ಹೇಳ್ಬಿಟ್ಟಿದ್ದೀನಿ. ಈಗ ಕುಗ್ಗಿದೆ ಅಂದ್ರೆ ಎಲ್ರೂ ನಗ್ತಾರೆ."

ಅವನು ಮಗಳ ಮುಖ ನೋಡಿದ. ನಿಜ ಹೇಳಬೇಕು, ಗಜಕಡ್ಡಿ ಸೊಕ್ಕಿನವನೇ ಹೊರತು ಕೆಟ್ಟವನಲ್ಲ. ಎದ್ದು ಕೂತ. "ಬರ್ತೀನಿ. ನನ್ನ ಮಗಳು ಸುಳ್ಳು ಹೇಳಿಲ್ಲ, ಹೋದ ತಿಂಗಳು ನಿಜವಾಗಿ ಮುಟ್ಟಿದ್ಲು ಅಂತ ನಾನೇ ಹೇಳ್ತೀನಿ. ಆದ್ರೆ ಬರೀ ಬಾಯಿಮಾತು ಯಾರು ನಂಬ್ತಾರೆ? ಸಾಕ್ಷಿ ಬೇಕು."

ಸುತ್ತಿಗೆ ತಂದ. ಕೀಲುಗಳ ಕಡ್ಡಿ ಹೊಡೆದು ಕಳಚಿದ. ಬಾಗಿಲನ್ನೇ ಕೆಳಗಿಳಿಸಿದ.

"ಅಯ್ಯೋ, ಮನೆಗೆ ಬಾಗಿಲು?" ಎಂದಳು ಹೆಂಡತಿ.

"ನಿಮ್ಮಮ್ಮ ಇದ್ದಾರಲ್ಲ."

ಅತ್ತೆ ಟ್ರಂಕನ್ನು ಹೊಸ್ತಿಲ ನಡುವೆ ಎಳೆದುಕೊಂಡು ಅದರ ಮೇಲೆ ಕೂತಳು. ಅಷ್ಟು ಭದ್ರವಾದ ಬಾಗಿಲು ಆ ಮನೆಗೆ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಮುಂದಿನ ತುದಿ ಅವನು, ಹಿಂದಿನ ತುದಿ ನಾನು, ಪಕ್ಕದಲ್ಲಿ ಅವಳು, ಹಿಂದೆ ಮಕ್ಕಳು. ಕಿರಿಯವಳ ಕೈಯಲ್ಲಿ ಒಂದು ಚಮಚ, ಅವಳು ಅದನ್ನು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಚಹಾ ಅಂಗಡಿಯ ಮುಂದೆ ಬಂದಾಗ ಒಬ್ಬ ಕೇಳಿದ, "ಮನೆ ಖಾಲಿ ಮಾಡ್ತಿದ್ದೀರಾ?"

"ಇಲ್ಲ, ಸ್ಕೂಲಿಗೆ."

"ಬಾಗಿಲನ್ನ ಸ್ಕೂಲಿಗೆ ಸೇರಿಸ್ತಿದ್ದೀರಾ?"

"ನಿನ್ನನ್ನೇ ಸೇರಿಸ್ಕೊಂಡಿದ್ರಂತೆ, ಇದನ್ನ ಬೇಡ ಅಂತಾರಾ?" ಎಂದಳು ಅವಳು. ಅವನು ಲೋಟದೊಳಗೆ ಮುಖ ಇಟ್ಟ.

ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಬ್ಯಾಂಡ್ ಮೇಷ್ಟ್ರು ಕುಳ್ಳಗೆ, ದುಂಡಗೆ, ಪೀಪಿ ಊದಿ ಊದಿ ಕೆನ್ನೆ ಜೋತುಬಿದ್ದವರು. ಅಂಗಳಕ್ಕೆ ಬಾಗಿಲು ಬರುವುದನ್ನು ನೋಡಿ, "ಡೆಸ್ಕ್ ರಿಪೇರಿ ನಾಳೆ ಅಲ್ವಾ?" ಎಂದರು.

ಗಜಕಡ್ಡಿ ಬಾಗಿಲನ್ನು ಜಗುಲಿಯ ಗೋಡೆಗೆ ನೆಟ್ಟಗೆ ನಿಲ್ಲಿಸಿದ. ಮಟ್ಟ ನೋಡಿದ. ಕೈ ಕಟ್ಟಿ ನಿಂತ. "ಸರ್, ನಾನು ಸುಳ್ಳು ಹೇಳೋ ಮನುಷ್ಯ ಅಲ್ಲ. ಇದು ನನ್ನ ಮಗಳ ಹೋದ ತಿಂಗಳ ಗೆರೆ. ನಾಲ್ಕೂವರೆ ಅಡಿ. ಇವತ್ತು ಅವಳು ಅಷ್ಟಿಲ್ಲ. ಕುಗ್ಗಿದ್ದಾಳೆ. ಅವಳ ತಪ್ಪಿಲ್ಲ, ಮನೆಯವರೆಲ್ಲ ಕುಗ್ಗಿದ್ದೀವಿ. ನೀವೇ ನೋಡಿ. ಬಾಮ್ಮ, ನಿಂತ್ಕೋ."

ಇಡೀ ಶಾಲೆ ನೋಡುತ್ತಿತ್ತು. ಹುಡುಗಿ ಕಣ್ಣು ಮುಚ್ಚಿ ಬಾಗಿಲಿಗೆ ಒರಗಿದಳು. ಮೇಷ್ಟ್ರು ತುದಿಗಾಲಲ್ಲಿ ನಿಂತು ಅವಳ ತಲೆಯ ಮೇಲೆ ಹಾಜರಿ ಪುಸ್ತಕ ಇಟ್ಟರು.

"ಕೆಂಪು ಡ್ರಮ್ಮು ಬರೆದಿದೆಯಲ್ಲ, ಅದೇ ಗೆರೆ ತಾನೆ?"

"ಅದೇ ಸರ್."

"ಅದಕ್ಕಿಂತ ಅರ್ಧ ಬೆರಳು ಮೇಲಿದ್ದಾಳಲ್ಲ ಮಾರಾಯ್ರೆ."

ಗಜಕಡ್ಡಿ ಮೇಷ್ಟ್ರನ್ನು ಪಕ್ಕಕ್ಕೆ ಸರಿಸಿ ತಾನೇ ನೋಡಿದ. ಮಗನನ್ನು ನಿಲ್ಲಿಸಿದ, ಅರ್ಧ ಬೆರಳು ಮೇಲೆ. ತಾನು ನಿಂತ, ಹೆಂಡತಿ ನೋಡಿದಳು, ಗೆರೆ ಸರಿಯಾಗಿ ತಲೆಗೆ. ಅವನು ಬಾಗಿಲು ನೋಡಿದ, ಆಕಾಶ ನೋಡಿದ, ಕಾಲಡಿಯ ನೆಲ ನೋಡಿದ.

"ಇಲ್ಲಿಗೆ ಬಂದ ತಕ್ಷಣ ಬೆಳೆದ್ರಾ?" ಎಂದ ನಿಧಾನವಾಗಿ. "ಗಾಳಿ ಚೆನ್ನಾಗಿರ್ಬೇಕು."

ಆಗ ಬಾಗಿಲ ಬುಡದಿಂದ ಅಳು ಕೇಳಿಸಿತು. ಕಿರಿಯವಳು ನೆಲದ ಮೇಲೆ ಬೋರಲು ಮಲಗಿ, ಬಳ್ಳಿಯ ಕೆತ್ತನೆಯ ಕೆಳಗೆ ಚಮಚ ತೂರಿಸಲು ಒದ್ದಾಡುತ್ತಿದ್ದಳು.

"ಅಮ್ಮಾ, ಇಲ್ಲಿ ಚಮಚ ಹೋಗ್ತಾ ಇಲ್ಲ. ಮನೇಲಿ ಹೋಗುತ್ತೆ."

ಹೆಂಡತಿ ಚಮಚ ನೋಡಿದಳು. ನೆಲಕ್ಕೆ ಕೂತಿದ್ದ ಬಾಗಿಲು ನೋಡಿದಳು. ಆಮೇಲೆ ಬಾಗಿಲ ಅಂಚಿನಲ್ಲಿ ಕೀಲಿನ ಮೇಲೆ ಬೆರಳಾಡಿಸಿದಳು. ಅಲ್ಲಿ ಹಳೆಯ ತಿರುಪಿನ ತೂತುಗಳಿಗೆ ಮರದಪುಡಿ ಮೆತ್ತಿ ಮುಚ್ಚಿದ್ದು ಕಂಡಿತು. ಹೊಸ ತೂತಿಗೂ ಹಳೆಯದಕ್ಕೂ ನಡುವೆ ತನ್ನ ಬೆರಳಿಟ್ಟು ಎಣಿಸಿದಳು. ಒಂದು. ಎರಡು.

"ರೀ. ಈ ಬಾಗಿಲನ್ನ ಯಾವಾಗ ಮೇಲೆತ್ತಿದ್ರಿ?"

ಗಜಕಡ್ಡಿ ಜೇಬಿನ ಅಳತೆಕೋಲನ್ನು ಮುಟ್ಟಿ ನೋಡಿಕೊಂಡ. "ಗೆರೆ ತಪ್ಪಿಲ್ಲ" ಎಂದ ಕೊನೆಗೆ. "ಗೆರೆ ಇರೋ ಜಾಗ ಸ್ವಲ್ಪ ಮೇಲೆ ಹೋಗಿತ್ತು."

"ಎತ್ತಿದ್ದು ಯಾರು?"

ಅವನು ನನ್ನ ಕಡೆ ನೋಡಿದ. ನಾನು ಹೂಕುಂಡದ ಕಡೆ ನೋಡಿದೆ. ಅಷ್ಟು ಮಕ್ಕಳು, ಅಷ್ಟು ಮೇಷ್ಟ್ರುಗಳು ನೋಡುತ್ತಿದ್ದರು. ಗಜಕಡ್ಡಿ ಎದೆ ಸೆಟೆದು ನಿಂತ. "ಇನ್ಯಾರು? ನಾನೇ. ಇಷ್ಟು ಭಾರದ ಬಾಗಿಲು, ಒಬ್ನೇ ಎತ್ತಿದೆ."

ಅವಳು ಇಡೀ ಶಾಲೆಗೆ ಕೇಳುವ ಹಾಗೆ ಬೈಯಬಹುದಿತ್ತು, ಬೈಯಲಿಲ್ಲ. ಹತ್ತಿರ ಬಂದು, ಅವನಿಗೂ ನನಗೂ ಮಾತ್ರ ಕೇಳುವಂತೆ ಹೇಳಿದಳು. "ನಾಳೆಯಿಂದ ನಿಮಗೂ ದಿನಾ ಬಿಸಿನೀರು ಸ್ನಾನ. ಉಬ್ಬಿರೋದು ಎರಡು ಬೆರಳಾದ್ರೂ ಕುಗ್ಗಲಿ."

ಚೀಟಿ ಚೀಲದಿಂದ ಹೊರಗೆ ಬಂತು. ಗಜಕಡ್ಡಿ ಅದನ್ನು ಅದೇ ಬಾಗಿಲಿಗೆ ಒತ್ತಿ ಹಿಡಿದು ಸಹಿ ಹಾಕಿದ. ಕಿವಿಯೆಲ್ಲ ಕೆಂಪಗಿತ್ತು. ಮೇಷ್ಟ್ರು ದೊಡ್ಡ ಡ್ರಮ್ಮಿನ ಪಟ್ಟಿಯನ್ನು ಹುಡುಗಿಯ ಹೆಗಲಿಗೆ ಏರಿಸಿದರು. ಅವಳು ಎರಡು ವರ್ಷದಿಂದ ಕೂಡಿಟ್ಟದ್ದನ್ನೆಲ್ಲ ಸೇರಿಸಿ ಮೊದಲ ಪೆಟ್ಟು ಕೊಟ್ಟಳು. ಜಗುಲಿಯ ಮೇಲಿದ್ದ ಮುಖ್ಯೋಪಾಧ್ಯಾಯಿನಿ ಹೂಕುಂಡದಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತರು.

ವಾಪಸು ಹೊರಟಾಗ ಕಿರಿಯವಳು ಮಾತ್ರ ಹೆಜ್ಜೆ ಎತ್ತಲಿಲ್ಲ. "ನಾನು ಕುಗ್ಗಿಲ್ವಾ? ಹಾಗಾದ್ರೆ ಯಾರೂ ಎತ್ಕೊಳ್ಳಲ್ವಾ?" ಗಜಕಡ್ಡಿ ಬಾಗಿಲ ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು, ಬಗ್ಗಿ, ಲಟಕ್ಕೆನಿಸಿ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡ. "ಬೆಳೆದವರನ್ನೂ ಎತ್ಕೋಬಹುದು ಬಾ" ಎಂದ. ಅವಳು ಅಪ್ಪನ ತಲೆಯ ಮೇಲೆ ಚಮಚದಲ್ಲಿ ತಾಳ ಹಾಕುತ್ತ ಬಂದಳು. ಮನೆಗೆ ಇನ್ನೊಬ್ಬಳು ಡ್ರಮ್ಮಿನವಳು ಸಿಕ್ಕಿದಳೆಂದು ನನಗೆ ಅಂದೇ ಗೊತ್ತಾಯಿತು.

ಹಿಂದೆ ನಾನೂ ಬಡಗಿಯ ಹೆಂಡತಿಯೂ ಬಾಗಿಲು ಹೊತ್ತಿದ್ದೆವು. ಚಹಾ ಅಂಗಡಿ ದಾಟುವಷ್ಟರಲ್ಲಿ ಅವಳು ಒಂದು ಸಲ ನಿಂತು ಕೈ ಬದಲಾಯಿಸಿದಳು.

"ಅಣ್ಣಾ, ಇಷ್ಟು ಭಾರದ್ದನ್ನ ಅವರೊಬ್ರೇ ಹೇಗೆ ಎತ್ತಿದ್ರು?"

"ಬಡಗಿ ಅಲ್ವಾ ತಂಗಿ" ಎಂದೆ. "ಅಭ್ಯಾಸ."

ಅವಳು ಹೂಂ ಎಂದಳು. ಮಾರನೇ ದಿನ ಕಾಲೊರಸು ಒಗೆದು, ಇಸ್ತ್ರಿ ಮಾಡಿ, ಮಡಚಿ ನನ್ನ ಅಂಗಡಿಗೆ ವಾಪಸು ಬಂತು. ಬಿಸಿನೀರಿನಲ್ಲಿ ಒಗೆದಿದ್ದಳು. ಕುಗ್ಗಿ ಅಂಗೈ ಅಗಲ ಆಗಿತ್ತು. ಇಂದಿಗೂ ಅದರ ಮೇಲೆ ಚಹಾ ಲೋಟ ಇಡುತ್ತೇನೆ.

ಇಷ್ಟೇ. ನನ್ನ ನೆನಪು ಸರಿಯಿಲ್ಲ ಎಂದವರಿಗೆಲ್ಲ ಇದನ್ನು ದಾಟಿಸಿ, ಅವರೂ ಇನ್ನು ನಾಲ್ಕು ಜನಕ್ಕೆ ದಾಟಿಸಲಿ. ಗಜಕಡ್ಡಿಯ ಹೆಂಡತಿಗೂ ಕಳಿಸಿ, ಅವಳ ಮೊಮ್ಮಕ್ಕಳು ಕೇಳಿ ನಗಲಿ. ಅವಳಿಗೆ ಕಳಿಸುವಾಗ ಮಾತ್ರ ಈ ಕೊನೆಯದನ್ನು ಬಿಟ್ಟುಬಿಡಿ, ಜೊತೆಗೆ ನಾನು ಕೆಳಗೆ ಕೂತು ಬಾಗಿಲು ಹಿಡಿದ ಆ ತುಂಡನ್ನೂ. ಅದು ಎರಡನೆಯದಿರಬೇಕು. ಅಥವಾ ಮೂರನೆಯದೋ. ನೀವೇ ಒಮ್ಮೆ ಕೇಳಿ ನೋಡಿ ಕಳಿಸಿ.